ಡೈರಿ ಕಂಪ್ಯೂಟರಿನ ಹದ್ದುಬಸ್ತು

ಗುಳ್ಳೇಕೊಪ್ಪಲು ಹಾಲು ಉತ್ಪಾದಕರ ಸಹಕಾರ ಸಂಘದ ಕಂಪ್ಯೂಟರಿಗೆ ಅಲೈ... ಅಲಾಯ್ನು... ಆ ಕಾಯಿಲೆಯ ಹೆಸರು ಚಲುವಮ್ಮನ ನಾಲಿಗೆಗೆ ಒಮ್ಮೆಯೂ ಇಡಿಯಾಗಿ ಸಿಕ್ಕಿದ್ದಿಲ್ಲ. ಮೊದಲರ್ಧ ಬರುತ್ತದೆ. ಮಿಕ್ಕರ್ಧ ಕೊಟ್ಟಿಗೆಯ ಬಾಗಿಲಲ್ಲಿ ಕಾಲೂರಿ ನಿಂತ ಕರುವಿನಂತೆ, ಎಷ್ಟು ಎಳೆದರೂ ಆಚೆಗೆ ಬರುವುದಿಲ್ಲ. ಹೆಸರು ಹಾಗಿರಲಿ. ಕಾಯಿಲೆ ಇದ್ದದ್ದು ನಿಜ. ಅದನ್ನು ಸಂಘದ ಆಡಳಿತ ಮಂಡಳಿಯೇ ಸರ್ವಾನುಮತದಿಂದ ಒಪ್ಪಿದೆ, ಮತ್ತು ಆಡಳಿತ ಮಂಡಳಿ ಸರ್ವಾನುಮತದಿಂದ ಒಪ್ಪಿದ ಸಂಗತಿ ಗುಳ್ಳೇಕೊಪ್ಪಲಿನಲ್ಲಿ ಸುಳ್ಳಾದ ಉದಾಹರಣೆಯಿಲ್ಲ.

ಕಾಯಿಲೆಯ ಲಕ್ಷಣ ಹೀಗಿತ್ತು. ಬೆಳಿಗ್ಗೆ ಜನ ಹಾಲು ತಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಒಬ್ಬೊಬ್ಬರ ಹಾಲನ್ನೂ ಅಳೆದು, ಕೊಬ್ಬು ನೋಡಿ, ಕಾರ್ಯದರ್ಶಿ ರಂಗಸ್ವಾಮಿ ಕಂಪ್ಯೂಟರಿಗೆ ಬರೆದು ಗುಂಡಿ ಒತ್ತುತ್ತಿದ್ದ. ಅಲ್ಲಿಂದ ಮುಂದೆ ಕಂಪ್ಯೂಟರು ಯೋಚನೆಗೆ ಬೀಳುತ್ತಿತ್ತು. ಪೆಟ್ಟಿಗೆಯೊಳಗೆ ಇಲಿ ಕಡಲೆಕಾಯಿ ಒಡೆದ ಹಾಗೆ ಕಟಕಟ ಸದ್ದು. ಅದು ಯೋಚಿಸಿ ಚೀಟಿ ಉಗುಳುವಷ್ಟರಲ್ಲಿ ನಾವು ನೀವು ಒಂದು ವೀಳ್ಯದೆಲೆಗೆ ಸುಣ್ಣ ಸವರಿ, ಮಡಿಸಿ, ಅಗಿದು, ಹೊರಗೆ ಹೋಗಿ ಉಗಿದು, ಬಾಯಿ ಒರೆಸಿಕೊಂಡು ಒಳಗೆ ಬರಬಹುದು. ‘ಚೀಟಿ ಬಾರದೆ ಮುಂದಿನವರ ಹಾಲು ಸುರಿಯತಕ್ಕದ್ದಲ್ಲ’ ಎಂದು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದರು.

ಚಲುವಮ್ಮನ ಮನೆ ನಾಲೆಯ ಆಚೆ. ಹಸು ಕರೆದು, ಕ್ಯಾನು ಸೊಂಟಕ್ಕಿಟ್ಟುಕೊಂಡು ಏರಿಯ ಮೇಲೆ ನಡೆದು ಬರುವಷ್ಟರಲ್ಲಿ ಅವಳು ಯಾವತ್ತೂ ಸಾಲಿನ ಕೊನೆಯವಳು. ಅಕ್ಕಿಹೆಬ್ಬಾಳಿನ ಕಡೆಯಿಂದ ಬರುವ ಹಾಲಿನ ವ್ಯಾನು ಎರಡು ಸಲ ಹಾರನ್ನು ಹೊಡೆದು ಹೊರಟರೆ ಯಾರಪ್ಪನ ಮಾತಿಗೂ ನಿಲ್ಲುವುದಿಲ್ಲ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳು ದಾರಿಗೆ ಅಡ್ಡ ಸಿಕ್ಕಿದ ದಿನ ವ್ಯಾನು ತಡವಾಗಿ ಚಲುವಮ್ಮನ ಹಾಲೂ ಹೋಗುತ್ತಿತ್ತು. ಹಾಗಾಗಿ ಕಬ್ಬು ಕಡಿಯುವ ಕಾಲದಲ್ಲಿ ಅವಳು ದೇವರಿಗೆ ಕೈಮುಗಿದು ಟ್ರಾಕ್ಟರಿನ ಅಚ್ಚು ಮುರಿಯಲಿ ಎಂದು ಬೇಡಿಕೊಳ್ಳುತ್ತಿದ್ದಳು. ಉಳಿದ ದಿನಗಳಲ್ಲಿ ಹಾಲು ಬಂದ ದಾರಿಯಲ್ಲೇ ಮನೆಗೆ. ಮೊಸರಾಯಿತು, ಮಜ್ಜಿಗೆಯಾಯಿತು, ತುಪ್ಪವಾಯಿತು. ಮನೆಯ ನಾಯಿ ಬೊಗಳಲು ಬೇಸರಪಡುವಷ್ಟು ದಪ್ಪವಾಯಿತು. ಅಕ್ಕಪಕ್ಕದ ಬೆಕ್ಕುಗಳು ಮನೆ ಬದಲಾಯಿಸಿ ಇಲ್ಲಿಗೇ ಬಂದು ನೆಲೆಸಿದವು.

ಇಷ್ಟೇ ಆಗಿದ್ದರೆ ಚಲುವಮ್ಮ ನಗುತ್ತಾ ಇದ್ದುಬಿಡುತ್ತಿದ್ದಳು. ಆದರೆ ಸಂಘದಿಂದ ಒಂದು ನೋಟೀಸು ಬಂತು. ಮೊಮ್ಮಗಳು ಶ್ವೇತ ಅದನ್ನು ಓದಿ ಹೇಳಿದಳು:

“ತಾವು ಸಂಘಕ್ಕೆ ನಿಗದಿತ ದಿನಗಳಷ್ಟು ಹಾಲು ಹಾಕದೆ ನಿರ್ಲಕ್ಷ್ಯ ತೋರಿರುವುದು ಕಂಡುಬಂದಿರುತ್ತದೆ. ಆದುದರಿಂದ ತಮ್ಮ ಸದಸ್ಯತ್ವವನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ ವಾರ್ಷಿಕ ಸಭೆಯೊಳಗಾಗಿ ಸಮಜಾಯಿಷಿ ನೀಡತಕ್ಕದ್ದು.”

ಆ ಸದಸ್ಯತ್ವದ ಚೀಟಿಯನ್ನು ಚಲುವಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ದೇವರ ಪಟದ ಹಿಂದೆ ಇಟ್ಟಿದ್ದಳು. ನಾಗಮಂಗಲದ ಕಡೆಯ ಒಣಭೂಮಿಯಲ್ಲಿ ಹುಟ್ಟಿ, ನಾಲೆಯ ಸೀಮೆಗೆ ಸೊಸೆಯಾಗಿ ಬಂದವಳು ಅವಳು. ಹುಟ್ಟಿದೂರಿನ ಕಾಗದಗಳಲ್ಲಿ ಅವಳು ‘ಬಿನ್’ ಇಂಥವನ ಮಗಳು. ಈ ಊರಿನ ಪಹಣಿ, ಪಡಿತರ ಚೀಟಿ, ವೋಟಿನ ಪಟ್ಟಿ ಎಲ್ಲದರಲ್ಲೂ ‘ಕೋಂ’ ಇಂಥವನ ಹೆಂಡತಿ. ಸಂಘದ ಚೀಟಿಯಲ್ಲಿ ಮಾತ್ರ, ಬರೆದವನ ಸೋಮಾರಿತನದಿಂದಲೋ ಏನೋ, ‘ಚಲುವಮ್ಮ, ಸದಸ್ಯೆ’ ಎಂದಷ್ಟೇ ಇತ್ತು. ಬಿನ್ನಿಲ್ಲ, ಕೋಂ ಇಲ್ಲ. ಲೋಕದಲ್ಲಿ ಅವಳು ಬರಿಯ ಚಲುವಮ್ಮನಾಗಿ ಇದ್ದ ಕಾಗದ ಅದೊಂದೇ.

ಮಾರನೆಯ ಬೆಳಿಗ್ಗೆ ಅವಳು ನೋಟೀಸು ಹಿಡಿದು ರಂಗಸ್ವಾಮಿಯ ಮುಂದೆ ನಿಂತಳು.

“ಏನಪ್ಪ ರಂಗಸ್ವಾಮಿ, ಆಲು ತಂದ್ರೆ ವ್ಯಾನ್ ಓಯ್ತು ಅಂತ ನೀನೇ ವಾಪಸ್ ಕಳುಸ್ತೀಯ. ಯಾಕ್ ಆಲು ಆಕ್ನಿಲ್ಲ ಅಂತ ನೀನೇ ನೋಟೀಸ್ ಕೊಡ್ತೀಯ?”

“ಅವೆರಡೂ ಬೇರೆ ಬೇರೆ ವಿಭಾಗ ಚಲುವಕ್ಕ,” ಎಂದ ರಂಗಸ್ವಾಮಿ ತಾಳ್ಮೆಯಿಂದ. “ವಾಪಸ್ ಕಳ್ಸೋನು ಹಾಲು ಸ್ವೀಕಾರದ ರಂಗಸ್ವಾಮಿ. ನೋಟೀಸ್ ಕೊಟ್ಟೋನು ಸದಸ್ಯತ್ವದ ರಂಗಸ್ವಾಮಿ. ಒಬ್ಬನ ಕೆಲ್ಸದಲ್ಲಿ ಇನ್ನೊಬ್ಬ ತಲೆ ಆಕಂಗಿಲ್ಲ.”

“ಇಬ್ರಿಗೂ ಸೇರಿ ಎಂಡ್ತಿ ಒಬ್ಳೇನಾ?”

ಸಾಲಿನಲ್ಲಿದ್ದವರು ನಕ್ಕರು. ರಂಗಸ್ವಾಮಿ ನಗಲಿಲ್ಲ, ಆ ಹೊತ್ತಿನಲ್ಲಿ ನಗಬೇಕಾದವನು ಯಾವ ರಂಗಸ್ವಾಮಿ ಎಂಬುದು ತೀರ್ಮಾನವಾಗಿರಲಿಲ್ಲ.

ತಪ್ಪು ತನ್ನದಲ್ಲ, ಕಂಪ್ಯೂಟರಿನದು ಎಂದು ಚಲುವಮ್ಮ ಶ್ವೇತಳ ಕೈಯಲ್ಲಿ ಅರ್ಜಿ ಬರೆಸಿಕೊಟ್ಟಳು. ಮೇಲಾಗಿ ಸಾಲಿನಲ್ಲಿ ಕಾದು ಕಾದು ಹಾಲು ಒಡೆಯುತ್ತಿದ್ದದ್ದು ಅವಳೊಬ್ಬಳದೇ ಅಲ್ಲವಾದ್ದರಿಂದ, ಪಾಂಡವಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನಾಗಾರ್ಜುನನನ್ನು ಕರೆಸಲು ಮಂಡಳಿ ನಿರ್ಣಯಿಸಿತು.

ನಾಗಾರ್ಜುನ ಹಳಬನೇ. ಸಂಘದ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ಅವನು. ಹಳೆಯ ಡಿಸ್ಕು ಸವೆದಾಗ ಹೊಸದಕ್ಕೆ ಎಲ್ಲವನ್ನೂ ಎತ್ತಿ ಹಾಕಿದವನೂ ಅವನೇ. ಆಗಲೇ ಅವನು, “ಹೊಸ ಡಿಸ್ಕು ಬೇರೆ ತರ ಸಾರ್, ಹೊಸದಾಗಿ ಭಾಗ ಮಾಡಿ ಹಾಕ್ತೀನಿ,” ಎಂದು ಹೇಳಿದ್ದ. ಮಂಡಳಿ ಒಪ್ಪಿರಲಿಲ್ಲ. ‘ಹಳೆಯ ಡಿಸ್ಕಿನಲ್ಲಿ ಇದ್ದುದೆಲ್ಲವೂ ಇದ್ದಲ್ಲಿಯೇ, ಇದ್ದ ಹಾಗೆಯೇ ಹೊಸ ಡಿಸ್ಕಿಗೆ ಬರತಕ್ಕದ್ದು, ಕೂದಲೆಳೆಯಷ್ಟೂ ಆಚೀಚೆ ಆಗತಕ್ಕದ್ದಲ್ಲ’ ಎಂದು ನಿರ್ಣಯವಾಗಿತ್ತು. ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಅದೇ ಕಾಯಿಲೆಯ ಮೂಲ.

ನಾಗಾರ್ಜುನ ಕುಳಿತು, ಕಪ್ಪು ಪರದೆ ತೆರೆದು, ಏನೋ ಒಂದು ಸಾಲು ಬರೆದು ಕಂಪ್ಯೂಟರನ್ನೇ ಕೇಳಿದ. ಕಂಪ್ಯೂಟರು ತನ್ನ ತಪ್ಪನ್ನು ಒಪ್ಪಿಕೊಂಡಿತು.

“ಅಲೈನ್‌ಮೆಂಟ್ ತಪ್ಪಿದೆ,” ಎಂದ.

ಅಧ್ಯಕ್ಷ ಜವರಯ್ಯ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡ. ಜವರಯ್ಯ ಎಂದರೆ ಸಾಮಾನ್ಯನಲ್ಲ. ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಅವನಿಗೂ ಅವನ ಸ್ವಂತ ಭಾವಮೈದುನನಿಗೂ ಒಂದು ಬದುವಿನ ಮೇಲೆ ವ್ಯಾಜ್ಯ ನಡೆಯುತ್ತಿತ್ತು. ಎರಡೂ ಕಡೆಯ ವಕೀಲರು ತೀರಿಕೊಂಡು ಅವರ ಮಕ್ಕಳು ವಕೀಲರಾಗಿ ಅದನ್ನು ಮುಂದುವರಿಸಿದ್ದರು. “ಅಂಗಂದ್ರೇನಪ್ಪ? ನಮಗೆ ತಿಳಿಯಂಗೆ ಏಳು.”

ನಾಗಾರ್ಜುನ ತಿಳಿಯುವ ಹಾಗೆ ಹೇಳಿದ. ಮುಂದಿನದ್ದಕ್ಕೆಲ್ಲ ಅದೇ ಕಾರಣ.

“ಡಿಸ್ಕು ಅಂದ್ರೆ ಒಂದು ಗದ್ದೆ ಬಯಲು ಅಂದ್ಕೊಳಿ ಸಾರ್. ಹಳೇ ಡಿಸ್ಕಲ್ಲಿ ಎಲ್ಲಾ ಸಣ್ಣ ಸಣ್ಣ ಪಾತಿ. ಹೊಸದ್ರಲ್ಲಿ ಎಂಟು ಪಾತಿ ಸೇರಿ ಒಂದು ದೊಡ್ಡ ಮಡಿ, ಮಡಿ ಸುತ್ತ ಬದು. ಡಿಸ್ಕು ಕೆಲ್ಸ ಮಾಡೋದು ಮಡಿ ಲೆಕ್ಕದಲ್ಲಿ. ನಿಮ್ಮ ಪಾರ್ಟಿಷನ್ನು ಹಳೇ ಪದ್ಧತಿ ಪ್ರಕಾರ ಅರವತ್ತಮೂರನೇ ಪಾತಿಯಿಂದ ಶುರುವಾಗದೆ. ಬದು ಇರೋದು ಅರವತ್ತನಾಲ್ಕಕ್ಕೆ. ಒಂದೇ ಪಾತಿ ವ್ಯತ್ಯಾಸ. ಅದಕ್ಕೇ ಒಬ್ಬರ ಹಾಲು ಬರೆದ್ರೂ ಚೂರು ಈ ಮಡಿಗೆ ಬೀಳ್ತದೆ, ಮಿಕ್ಕಿದ್ದು ಆ ಮಡಿಗೆ ಬೀಳ್ತದೆ. ಪಾಪ, ಅದು ಎರಡು ಮಡಿನೂ ಪೂರ್ತಿ ಓದಿ, ತಿದ್ದಿ, ಎರಡನ್ನೂ ತಿರ್ಗಾ ಬರೀಬೇಕು. ಅದೇ ಕಟಕಟ.”

“ಇದಕ್ಕೇನು ಪರಿಹಾರ?”

“ಎಲ್ಲಾನೂ ಬೇರೆ ಕಡೆ ಎತ್ತಿಟ್ಟು, ಪಾರ್ಟಿಷನ್ ಅಳಿಸಿ, ಮುಂದೆ ಸ್ವಲ್ಪ ಜಾಗ ಖಾಲಿ ಬಿಟ್ಟು, ಎರಡು ಸಾವಿರದ ನಲವತ್ತೆಂಟನೇ ಪಾತಿಯಿಂದ, ಸರಿಯಾಗಿ ಬದುವಿನ ಮೇಲಿಂದ, ಶುರು ಮಾಡಿದ್ರೆ ಆಯ್ತು. ಈಗ ಲೋಕದಲ್ಲೆಲ್ಲ ಅಲ್ಲಿಂದಲೇ ಶುರು ಮಾಡೋದು. ಊಟದ ಹೊತ್ತಿಗೆ ಮುಗೀತದೆ.”

ಕಂಪ್ಯೂಟರಿನ ವಿಷಯವನ್ನು ಗುಳ್ಳೇಕೊಪ್ಪಲಿನಲ್ಲಿ ಅಷ್ಟು ಚೆನ್ನಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ. ಜವರಯ್ಯನಿಗೆ ಅಕ್ಷರ ಅಕ್ಷರವೂ ಅರ್ಥವಾಯಿತು. ಅವನ ಕಣ್ಣು ಹೊಳೆಯಿತು.

“ಒಂದು ಪಾತಿ ಆಚೆಗೆ ನುಗ್ಗದೆ ಅನ್ನು. ಇದು ಒತ್ತುವರಿ ಕೇಸು.”

“ಒತ್ತುವರಿ ಅಲ್ಲ ಸಾರ್. ನಾನು ಹೋಲಿಕೆಗೆ ಹೇಳ್ದೆ.”

“ಓಲಿಕೆಗೀಲಿಕೆ ಕೋರ್ಟಲ್ಲಿ ನಿಲ್ಲಾಕಿಲ್ಲ ಕಣಪ್ಪ. ಊಟದ ಒತ್ಗೆ ಬದು ಕಿತ್ತಾಕ್ತೀನಿ ಅಂತೀಯಲ್ಲ, ಪಕ್ಕದೋನು ಬಂದು ಅಡ್ಡ ಮಲೀಕಂಡ್ರೆ ಏನ್ ಮಾಡ್ತೀಯ?”

“ಪಕ್ಕದಲ್ಲಿ ಯಾರೂ ಇಲ್ಲ ಸಾರ್. ಸ್ವಾಪ್ ಅಂತ ಇನ್ನೊಂದು ಸಣ್ಣ ಪಾರ್ಟಿಷನ್ ಇದೆ, ಅಷ್ಟೇ.”

“ಇದಾನಲ್ಲ ಮತ್ತೆ!” ಜವರಯ್ಯ ತೊಡೆ ತಟ್ಟಿದ. “ಅವನಿಗೆ ಮೊದ್ಲು ನೋಟೀಸ್ ಆಗ್ಬೇಕು. ನನ್ನ ಬದುವಿಗೆ ನೋಟೀಸ್ ಇಲ್ದೆ ಕೈ ಆಕ್ದೋನು ಇವತ್ತಿಗೂ ಪಟ್ಣದ ಕೋರ್ಟಿಗೆ ಅಲೀತಾವ್ನೆ.”

ಅದೇ ದಿನ ನಿರ್ಣಯವಾಯಿತು: ‘ಯಾವುದೇ ಜಮೀನಿನ ಗಡಿಯನ್ನು ಹದ್ದುಬಸ್ತು ಮಾಡಿಸದೆ, ಅಂದರೆ ಸರ್ವೆಯವರಿಂದ ಅಳೆಸಿ ಗುರುತು ಮಾಡಿಸದೆ, ಬದಲಾಯಿಸಲು ಬರುವುದಿಲ್ಲ. ಡಿಸ್ಕು ಜಮೀನಿನಂತೆಯೇ ಇರುವುದಾಗಿ ತಜ್ಞರು ತಿಳಿಸಿರುವುದರಿಂದ ಸದರಿ ನಿಯಮ ಅದಕ್ಕೂ ಅನ್ವಯಿಸುತ್ತದೆ.’

ಶ್ರೀ ಸ್ವಾಪ್ ಇವರಿಗೆ ನೋಟೀಸು ಹೊರಟಿತು. ವಿಳಾಸದಾರರು ಪೆಟ್ಟಿಗೆಯೊಳಗೇ ವಾಸವಾಗಿದ್ದು ಹೊರಗೆ ಬಾರದೆ ಇದ್ದುದರಿಂದ ಅದನ್ನು ಪಂಚರ ಸಮಕ್ಷಮ ಪೆಟ್ಟಿಗೆಗೆ ಗೋಂದು ಹಾಕಿ ಅಂಟಿಸಲಾಯಿತು. ಗಾಳಿ ಆಡುವ ಕಿಂಡಿಗಳು ಮುಚ್ಚಿಹೋಗಿ ಕಂಪ್ಯೂಟರು ಇನ್ನಷ್ಟು ನಿಧಾನವಾಯಿತು. ಇದನ್ನು ಶ್ರೀ ಸ್ವಾಪ್ ಅವರ ಅಸಮಾಧಾನವೆಂದು ಕೆಲವು ನಿರ್ದೇಶಕರು ಭಾವಿಸಿದರೂ, ಅವರು ಲಿಖಿತವಾಗಿ ತಕರಾರು ಸಲ್ಲಿಸದ ಕಾರಣ ಒಪ್ಪಿಗೆ ಇದೆಯೆಂದೇ ಪರಿಗಣಿಸಲಾಯಿತು.

ಆಮೇಲೆ ಕೆ.ಆರ್. ಪೇಟೆಯಿಂದ ಸರ್ವೆ ಸೋಮಯ್ಯ ಬಂದ. ಕೆಲಸದಿಂದ ನಿವೃತ್ತನಾಗಿದ್ದರೂ ಸರಪಳಿಯನ್ನು ಮಾತ್ರ ಬಿಟ್ಟಿರಲಿಲ್ಲ. ಬಂದವನೇ ಇಡ್ಲಿ ತಿಂದು, ಕಾಫಿ ಕುಡಿದು, ಕಂಪ್ಯೂಟರನ್ನು ಮೂರು ಸುತ್ತು ಬಂದು, “ಎಲ್ಲದೆ ಜಮೀನು?” ಎಂದ.

“ಪೆಟ್ಟಿಗೆ ಒಳಗೆ ಸಾರ್. ಅದನ್ನ ಬಿಚ್ಚಂಗಿಲ್ಲ, ಧೂಳು ಹೋದ್ರೆ ಕೆಟ್ಟೋಗ್ತದೆ,” ಎಂದ ನಾಗಾರ್ಜುನ.

“ಬಿಚ್ಚೋದ್ಯಾಕೆ? ನಾವೇನು ಭೂಮಿನ ಬಿಚ್ಚಿ ಅಳೀತೀವಾ? ಯಾವತ್ತಿದ್ರೂ ಮೇಲ್ಗಡೆಯಿಂದ್ಲೇ ಅಳೆಯೋದು.” ಸೋಮಯ್ಯ ಪೆನ್ನು ತೆಗೆದ. “ಖುಷ್ಕಿಯೋ, ತರಿಯೋ?”

“ಡಿಸ್ಕು ಸಾರ್ ಅದು. ನೀರು ಬಿದ್ರೆ ಹೋಯ್ತು.”

“ಅಂಗಾದ್ರೆ ಖುಷ್ಕಿ.”

ಚಕ್ಕುಬಂದಿ ಹೀಗೆ ಬರೆಯಲಾಯಿತು: ಪೂರ್ವಕ್ಕೆ ಕ್ಯಾನು ತೊಳೆಯುವ ನಲ್ಲಿ, ಪಶ್ಚಿಮಕ್ಕೆ ಕಾರ್ಯದರ್ಶಿಯ ಕುರ್ಚಿ, ಉತ್ತರಕ್ಕೆ ಹಿಂಡಿ ಮೂಟೆ, ದಕ್ಷಿಣಕ್ಕೆ ಪ್ಲಗ್ಗು. ಮುಂದುಗಡೆ ಖಾಲಿ ಬಿಡಬೇಕಾಗಿರುವ ಜಾಗದ ಎದುರಿಗೆ, ಯಾರಿಗೂ ಸೇರದ, ಯಾರೂ ಉಳದ ನೆಲಕ್ಕೆ ಕಂದಾಯದವರು ಬರೆಯುವ ಮಾತನ್ನೇ ಸೋಮಯ್ಯ ಬರೆದ: ‘ಖರಾಬು’.

ಆ ಮಾತು ಬರೆದ ಶಾಯಿ ಆರುವಷ್ಟರಲ್ಲಿ ನಿರ್ದೇಶಕ ತಮ್ಮಯ್ಯನ ಅರ್ಜಿ ಬಂದುಬಿಟ್ಟಿತು.

ತಮ್ಮಯ್ಯ ಊರಿನಲ್ಲಿ ಖಾಲಿ ಕಂಡಲ್ಲೆಲ್ಲ ಹುಲ್ಲಿನ ಮೆದೆ ಒಟ್ಟಿದ ಮನುಷ್ಯ. ಶಾಲೆಯ ಮೈದಾನದ ಒಂದು ಮೂಲೆ, ಬಸ್ ನಿಲ್ದಾಣದ ಹಿಂಭಾಗ, ಮಾವನ ಮನೆಯ ಜಗಲಿ, ಎಲ್ಲೆಡೆಯೂ ಅವನ ಮೆದೆ ಇತ್ತು. ಡಿಸ್ಕಿನ ಖರಾಬು ತನಗೇ ಮಂಜೂರಾಗಬೇಕೆಂದು ಅವನ ಕೋರಿಕೆ. ಕಾರಣ, ಅವನ ಮಗಳ ಮದುವೆಯ ಫೋಟೋಗಳನ್ನು ಮದುವೆಯಾದ ಲಾಗಾಯ್ತು ಸಂಘದ ಕಂಪ್ಯೂಟರಿನಲ್ಲೇ ಇಟ್ಟಿದ್ದ. ಆದ್ದರಿಂದ ಅವನು ಜಾಗದ ಸ್ವಾಧೀನಾನುಭವದಲ್ಲಿದ್ದಾನೆ.

ನಾಗಾರ್ಜುನ ತಲೆಯ ಮೇಲೆ ಕೈಯಿಟ್ಟುಕೊಂಡ. “ಅಣ್ಣ, ಅದು ಭಾಳ ಚಿಕ್ಕ ಜಾಗ. ನಿಮ್ಮ ಮಗಳ ಮದುವೇದು ಒಂದು ಫೋಟೋ ಕೂಡ ಹಿಡಿಸಲ್ಲ.”

“ಪಾಸ್‌ಪೋರ್ಟ್ ಸೈಜ್ ಮಾಡಿಸ್ಕೋತೀನಿ ಬುಡು. ಜಾಗ ನಂದು ಅಂತ ಒಂದು ಚೀಟಿ ಕೊಟ್ಬುಡಿ ಸಾಕು.”

“ಅಲ್ಲಿ ಏನೂ ಇಡಂಗಿಲ್ಲಣ್ಣ. ಖಾಲಿ ಇರ್ಬೇಕು ಅಂತಲೇ ಬಿಡೋದು.”

“ನಂಗೆ ಕೊಡಿ, ಖಾಲಿ ಮಡೀಕತೀನಿ.”

ಖಾಲಿ ಜಾಗಕ್ಕೆ ಇನ್ನೂ ಮೂವರು ಅರ್ಜಿ ಹಾಕಿದರು. ಒಬ್ಬನು ಅಲ್ಲಿ ತೆಂಗು ಹಾಕುವುದಾಗಿ ಬರೆದಿದ್ದ. ವ್ಯಾಜ್ಯ ಬೆಳೆಯಿತು. ಜವರಯ್ಯ ಬಹಳ ವರ್ಷಗಳ ಮೇಲೆ ಇಷ್ಟು ಸಂತೋಷವಾಗಿದ್ದನ್ನು ಊರವರು ಕಂಡರು. ಅವನು ಎಲ್ಲರ ಅಹವಾಲನ್ನೂ ಕೇಳಿ, ಕಣ್ಣು ಮುಚ್ಚಿ, ತೆರೆದು, ಆದೇಶ ಮಾಡಿದ: ‘ಅರ್ಜಿಗಳು ಇತ್ಯರ್ಥವಾಗುವವರೆಗೆ ಯಥಾಸ್ಥಿತಿ ಕಾಪಾಡತಕ್ಕದ್ದು. ಡಿಸ್ಕನ್ನು ಯಾರೂ ಮುಟ್ಟತಕ್ಕದ್ದಲ್ಲ.’

ನಾಗಾರ್ಜುನ ತನ್ನ ಚೀಲ ಎತ್ತಿಕೊಂಡು ಬೈಕಿನ ಹತ್ತಿರ ಹೋದ. ಚಲುವಮ್ಮ ಬೇವಿನ ಮರದ ಕೆಳಗೆ ಕಾದು ನಿಂತಿದ್ದಳು.

“ಮಗಾ, ನನ್ನಾಲು?”

“ಏನ್ ಹೇಳ್ಲಿ ಅಜ್ಜಿ. ಮುಂದೆ ಖಾಲಿ ಜಾಗ ಬಿಟ್ಟು ಬದುವಿಂದ ಶುರು ಮಾಡಿದ್ರೆ ನಿಮ್ಮಾಲು ಮೊದಲನೇ ಹಾರನ್ನಿಗೇ ವ್ಯಾನ್ ಹತ್ತಿರೋದು.” ಅವನು ಸಿಟ್ಟಿನಿಂದ ಕಿಕ್ಕರು ಒದ್ದ. “ಡಿಸ್ಕಲ್ಲಿ ಬಿಡಾಕಾಗಲ್ಲ ಅಂದ್ರೆ ನಿಮ್ಮ ಸಾಲಲ್ಲಾದ್ರೂ ಬಿಟ್ಕೊಂಡು ನಿಂತ್ಕೊಳಿ ಅಂತ ಹೇಳಿ ಅಧ್ಯಕ್ಷರಿಗೆ!”

ಬೈಕು ಹೋಯಿತು. ಆ ಮಾತನ್ನು ಚಲುವಮ್ಮ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಕ್ಯಾನು ತೊಳೆಯುವ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ ರಂಗಸ್ವಾಮಿ ಅದನ್ನು ಕೇಳಿಸಿಕೊಂಡು, ಒಳಗೆ ಹೋಗಿ, ‘ತಜ್ಞರ ಲಿಖಿತೇತರ ಅಭಿಪ್ರಾಯ’ ಎಂಬ ತಲೆಬರಹ ಕೊಟ್ಟು ಬರೆದಿಟ್ಟ.

ಮಂಡಳಿ ಅದನ್ನು ಒಪ್ಪಿ, ವಾರ ಕಳೆಯುವಷ್ಟರಲ್ಲಿ ಡೈರಿಯ ಮುಂದಿನ ಅಂಗಳಕ್ಕೆ ಕಲ್ಲುಗಳು ಬಂದವು. ಸೋಮಯ್ಯ ಸರಪಳಿ ಹಿಡಿದು, ದಾರ ಕಟ್ಟಿ, ಎಂಟು ಕ್ಯಾನಿಗೊಂದರಂತೆ ಗಡಿಕಲ್ಲು ನೆಡಿಸಿ ಸುಣ್ಣ ಬಳಿಸಿದ. ಎಂಟು ಜನ ಒಂದು ಮಡಿ. ಎಲ್ಲಕ್ಕಿಂತ ಮುಂದೆ, ಬಾಗಿಲಿಗೆ ತಾಗಿಕೊಂಡು, ಒಂದಿಷ್ಟು ನೆಲ ಖಾಲಿ. ಅಲ್ಲೊಂದು ಫಲಕ: ‘ಖರಾಬು. ಇಲ್ಲಿ ಕ್ಯಾನು ಇಡತಕ್ಕದ್ದಲ್ಲ. ಮೀರಿದಲ್ಲಿ ಒತ್ತುವರಿ ಎಂದು ಪರಿಗಣಿಸಿ ಸ್ಥಳದಲ್ಲಿಯೇ ಜಪ್ತಿ ಮಾಡಲಾಗುವುದು.’

ಸಾಲು ಎಷ್ಟು ನೆಟ್ಟಗಾಯಿತೆಂದರೆ ಅಕ್ಕಪಕ್ಕದ ಊರುಗಳ ಸಂಘದವರು ಟೆಂಪೋ ಮಾಡಿಕೊಂಡು ಬಂದು ನೋಡಿ ಹೋದರು. ಕಂಪ್ಯೂಟರು ಮೊದಲಿನಷ್ಟೇ ಹೊತ್ತು ಯೋಚಿಸುತ್ತಿತ್ತು, ಮೊದಲಿನ ಹಾಗೆಯೇ ಕಟಕಟ ಎನ್ನುತ್ತಿತ್ತು. ಆದರೆ ವೇಗ ಹೆಚ್ಚಿರುವುದಾಗಿ ಮಂಡಳಿ ಸಭೆಯಲ್ಲಿ ಎಲ್ಲರೂ ಕೈಯೆತ್ತಿದರು. ತಮ್ಮಯ್ಯ ಎರಡೂ ಕೈ ಎತ್ತಿದ.

ಚಲುವಮ್ಮನ ಪಾಡು ಮಾತ್ರ ಮೊದಲಿಗಿಂತ ಕೆಟ್ಟಿತು. ಕೊನೆಯ ಮಡಿ ಭರ್ತಿಯಾದ ಮೇಲೆ ಉಳಿದವಳು ಅವಳೊಬ್ಬಳು. ಅವಳ ಕ್ಯಾನು ನೇರವಾಗಿ ಗಡಿಕಲ್ಲಿಗೆ ಒರಗಿ, ಅರ್ಧ ಈಚೆ ಅರ್ಧ ಆಚೆ ನಿಲ್ಲುತ್ತಿತ್ತು.

“ಕಲ್ಲಿನ ಮೇಲೆ ಇಡಂಗಿಲ್ಲ ಚಲುವಕ್ಕ,” ಎಂದ ರಂಗಸ್ವಾಮಿ. “ಎರಡು ಮಡಿಗೆ ಬೀಳ್ತದೆ. ಅದೇ ಅಲ್ವಾ ಕಾಯಿಲೆ?”

“ಆಚಿಗೆ ಇಡ್ಲಾ?”

“ಆಚೆ ಇಟ್ರೆ ಹೊಸ ಮಡಿ. ಎಂಟು ಜನ ಇಲ್ದೆ ಹೊಸ ಮಡಿ ತೆಗೆಯಂಗಿಲ್ಲ. ಇನ್ನೇಳು ಜನಾನ ಕರ್ಕೊಂಡ್ ಬಾ.”

“ನಾನೆಲ್ಲಿಂದ ಎರ್ಲಪ್ಪ ಏಳು ಜನಾನ, ಈ ವಯಸ್ಸಲ್ಲಿ?”

ವ್ಯಾನು ಎರಡು ಸಲ ಹಾರನ್ನು ಹೊಡೆಯಿತು. ವಾರ್ಷಿಕ ಸಭೆ ಹತ್ತಿರ ಬರುತ್ತಿತ್ತು.

ಆ ದಿನ ಮಜ್ಜಿಗೆ ಕಡೆಯುತ್ತಾ ಚಲುವಮ್ಮ ತನ್ನ ಅಪ್ಪನನ್ನು ನೆನೆದಳು. ನಾಗಮಂಗಲದ ಕಡೆ ಅವನಿಗೆ ಇದ್ದದ್ದು ಕಲ್ಲುಗುಡ್ಡದ ಮಗ್ಗುಲಿನ ಒಂದು ತುಂಡು ಹೊಲ. ಊರಿನಲ್ಲಿ ನೆಟ್ಟಗೆ ಕಂದಾಯ ಕಟ್ಟಿಕೊಂಡು, ತನ್ನ ಬದುವಿನೊಳಗೆ ತಾನಿದ್ದವನ ಮನೆಗೆ ಒಬ್ಬ ಅಧಿಕಾರಿಯೂ ಬಂದದ್ದಿಲ್ಲ. ಪಕ್ಕದವನು ಗೋಮಾಳಕ್ಕೆ ನೇಗಿಲು ಹಾಕಿದ ಮಾರನೆಯ ದಿನವೇ ಅವನ ಬಾಗಿಲಿಗೆ ಜೀಪು ಬಂದಿತ್ತು. ಮೊದಲು ನೋಟೀಸು, ಆಮೇಲೆ ಮಹಜರು, ಆಮೇಲೆ ದಂಡ, ಕಡೆಗೊಂದು ದಿನ ಸಕ್ರಮ, ಹಕ್ಕುಪತ್ರ. “ಸರ್ಕಾರದ ಕಣ್ಣಿಗೆ ಬೀಳ್ಬೇಕು ಅಂದ್ರೆ ಬದು ದಾಟ್ಬೇಕು ಕಣವ್ವ,” ಎನ್ನುತ್ತಿದ್ದ ಅಪ್ಪ. ಅವನು ದಾಟಲಿಲ್ಲ.

ಮಾರನೆಯ ಬೆಳಿಗ್ಗೆ ಚಲುವಮ್ಮ ಎಂದಿನಂತೆ ಎಲ್ಲರಿಗಿಂತ ತಡವಾಗಿ ಬಂದಳು. ಸಾಲಿನ ತುದಿಯಲ್ಲಿ ನಿಲ್ಲಲಿಲ್ಲ. ಮಡಿ ಮಡಿ ದಾಟಿ, ಕಲ್ಲು ಕಲ್ಲು ದಾಟಿ ಮುಂದಕ್ಕೆ ಹೋಗಿ, ಫಲಕದ ಕೆಳಗೆ, ಖರಾಬಿನ ನಟ್ಟನಡುವೆ ಕ್ಯಾನು ಇಟ್ಟು, ಸೆರಗು ಸಿಕ್ಕಿಸಿ ನಿಂತಳು.

ಮೊದಲು ಕೂಗಿದವನು ತಮ್ಮಯ್ಯ.

“ಏಯ್ ಚಲುವಕ್ಕ! ಎತ್ತು ಅದನ್ನ, ಅದು ನನ್ ಜಾಗ!”

“ನಿಂದು ಅಂತ ಆರ್ಡರ್ ಆಗದಾ?”

“ಆಯ್ತದೆ!”

“ಆದ್ಮೇಕೆ ಬಾ. ಎತ್ಕೊಡ್ತೀನಿ.”

ಜವರಯ್ಯನಿಗೆ ಹೇಳಿಕಳಿಸಿದರು. ಅವನು ಹಲ್ಲುಜ್ಜುತ್ತಿದ್ದವನು ಬಾಯಿ ಮುಕ್ಕಳಿಸಿಕೊಂಡು ಓಡಿ ಬಂದ. ಕ್ಯಾನನ್ನು ನೋಡಿದ, ಫಲಕವನ್ನು ನೋಡಿದ, ಚಲುವಮ್ಮನನ್ನು ನೋಡಿದ. ಒಬ್ಬ ಪೈಲ್ವಾನ ಇನ್ನೊಬ್ಬ ಪೈಲ್ವಾನನನ್ನು ನೋಡುವ ರೀತಿಯಲ್ಲಿ ನೋಡಿದ.

“ಗೊತ್ತಿದ್ದೂ ಇಟ್ಯಾ ಚಲುವಕ್ಕ?”

“ಓದಾಕ್ ಬರ್ದಿದ್ರೂ ಗೊತ್ತು ಜವರಣ್ಣ. ಒತ್ತುವರಿ ಮಾಡಿವ್ನಿ. ಅದೇನ್ ಮಾಡ್ಕತೀಯೋ ಮಾಡು.”

“ಜಪ್ತಿ!” ಎಂದ ಜವರಯ್ಯ ಆನಂದದಿಂದ.

ಜಪ್ತಿಯ ಕ್ರಮ ಅವನಿಗೆ ಬಾಯಿಪಾಠ. ಜಪ್ತಿಯಾದ ಮಾಲಿನ ಅಳತೆ ಮತ್ತು ಗುಣ ಮಹಜರಿನಲ್ಲಿ ಬರಬೇಕು. ಹಾಗಾಗಿ ಚಲುವಮ್ಮನ ಹಾಲನ್ನು ಅಳೆದು, ಕೊಬ್ಬು ನೋಡಿದರು. ಕಂಪ್ಯೂಟರಿನ ಖರಾಬಿನ ಮೇಲೆ ಯಥಾಸ್ಥಿತಿಯ ಆದೇಶ ಇರುವುದರಿಂದ ಖರಾಬಿಗೆ ಸಂಬಂಧಪಟ್ಟ ಯಾವುದನ್ನೂ ಅದರಲ್ಲಿ ಬರೆಯುವಂತಿಲ್ಲ. ಹಾಗಾಗಿ ರಂಗಸ್ವಾಮಿ ಪೆನ್ನಿನಿಂದ ಕಾಗದದ ಮೇಲೆ ಒಂದು ಸಾಲು ಗೀಚಿದ. ಕೆಡುವ ಮಾಲಾದ್ದರಿಂದ ಬೇರೆಲ್ಲ ಕೆಲಸಕ್ಕಿಂತ ಮೊದಲು ವಿಲೇವಾರಿ ಆಗಬೇಕು, ಅದೂ ತಣ್ಣಗಿರುವ ಸುರಕ್ಷಿತ ಜಾಗದಲ್ಲಿ. ಅಂಥ ಜಾಗ ಗುಳ್ಳೇಕೊಪ್ಪಲಿಗೆ ಬರುವುದು ಹಾಲಿನ ವ್ಯಾನು ಒಂದೇ. ಮೊದಲನೆಯ ಮಡಿಯ ಮೊದಲನೆಯವನು ಇನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಚಲುವಮ್ಮನ ಹಾಲು ಜಪ್ತಿಯಾಗಿ, ವ್ಯಾನಿಗೆ ಹೋಗುವ ದೊಡ್ಡ ಕ್ಯಾನಿಗೆ ಬಿದ್ದು, ಮುಚ್ಚಳ ಹಾಕಿಸಿಕೊಂಡಿತು. ಅವಳು ಖಾಲಿ ಕ್ಯಾನು ತೊಳೆದುಕೊಂಡು ಮನೆಗೆ ಹೋದಳು. ಅಂದು ನಾಯಿಗೆ ಮುದ್ದೆ ಮಾತ್ರ ಸಿಕ್ಕಿತು.

ಮರುದಿನವೂ ಒತ್ತುವರಿ, ಮರುದಿನವೂ ಜಪ್ತಿ. ಜಪ್ತಿಯಾದ ಹಾಲು ಸದಸ್ಯರು ಹಾಕಿದ ಹಾಲೆಂದು ಲೆಕ್ಕಕ್ಕೆ ಬರುವುದೇ ಎಂಬ ಸೂಕ್ಷ್ಮ ಪ್ರಶ್ನೆ ಎದ್ದಾಗ, ಹಾಲು ಸ್ವೀಕಾರದ ರಂಗಸ್ವಾಮಿ ಸದಸ್ಯತ್ವದ ರಂಗಸ್ವಾಮಿಗೆ ಒಂದು ಪತ್ರ ಬರೆದು ಅಭಿಪ್ರಾಯ ಕೋರಿದ. ಪತ್ರವನ್ನು ಮೇಜಿನ ಈ ಕಡೆಯಿಂದ ಆ ಕಡೆಗೆ ತಳ್ಳಿ, ಎದ್ದು ಹೋಗಿ ಆ ಕಡೆಯ ಕುರ್ಚಿಯಲ್ಲಿ ಕುಳಿತು, ಕನ್ನಡಕ ಹಾಕಿಕೊಂಡು ಓದಿದ. ‘ಹಾಲು ಹೇಗೆ ಬಂದಿದೆ ಎಂಬುದನ್ನು ಉಪನಿಯಮ ಕೇಳುವುದಿಲ್ಲ, ಬಂದಿದೆಯೇ ಎಂದಷ್ಟೇ ಕೇಳುತ್ತದೆ. ಬಂದಿದೆ’ ಎಂದು ಉತ್ತರ ಬರೆದ. ಇಬ್ಬರೂ ರುಜು ಮಾಡಿದರು.

ಊರಿನ ಜನ ದಡ್ಡರಲ್ಲ. ನೆಟ್ಟಗೆ ನಿಂತವನು ಕಟಕಟ ಕೇಳುತ್ತಾ ಎಲೆ ಅಗಿಯಬೇಕು, ಒತ್ತುವರಿ ಮಾಡಿದವಳು ನಗುತ್ತಾ ಮನೆಗೆ ಹೋಗುತ್ತಾಳೆ. ಮೊದಲು ಒಬ್ಬ ತನ್ನ ಕ್ಯಾನನ್ನು ಮೆಲ್ಲಗೆ ಖರಾಬಿಗೆ ಸರಿಸಿದ. ಆಮೇಲೆ ಅವನ ತಂಗಿ. ಆಮೇಲೆ ಇಡೀ ಮೊದಲ ಮಡಿ. ತಮ್ಮಯ್ಯನೂ, ತನ್ನದೇ ಆಗಬೇಕಾದ ಜಾಗವನ್ನು ತಾನೇ ಒತ್ತುವರಿ ಮಾಡುವುದು ಸರಿಯೇ ಎಂದು ಸ್ವಲ್ಪ ಹೊತ್ತು ಅಳುಕಿ, ಕಡೆಗೆ ಎಲ್ಲರಿಗಿಂತ ದೊಡ್ಡ ಕ್ಯಾನು ತಂದಿಟ್ಟ. ಈಗ ಗುಳ್ಳೇಕೊಪ್ಪಲಿನಲ್ಲಿ ಬೆಳಿಗ್ಗೆ ಎಲ್ಲರೂ ಖರಾಬಿನಲ್ಲೇ ನಿಲ್ಲುತ್ತಾರೆ. ಸುಣ್ಣ ಬಳಿದ ಕಲ್ಲುಗಳ ಆಚೆ ಸಾಲು ಖಾಲಿ. ಅಲ್ಲಿ ಚಲುವಮ್ಮನ ಮನೆಯಿಂದ ವಾಪಸ್ಸಾದ ಬೆಕ್ಕುಗಳು ಬಿಸಿಲು ಕಾಯುತ್ತವೆ. ಎಲ್ಲರ ಹಾಲೂ ಕ್ರಮಪ್ರಕಾರ ಜಪ್ತಿಯಾಗಿ, ಪೆನ್ನಿನಲ್ಲಿ ಬರೆಸಿಕೊಂಡು, ವ್ಯಾನು ಬರುವ ಮೊದಲೇ ಮುಗಿದಿರುತ್ತದೆ. ವ್ಯಾನಿನವನೇ ಬೇವಿನ ಮರದ ಕೆಳಗೆ ಕುಳಿತು ಎಲೆ ಹಾಕಿಕೊಳ್ಳುವ ಹಾಗಾಗಿದೆ. ಚಲುವಮ್ಮ ಈಗಲೂ ಕೊನೆಯವಳು. ಆದರೆ ಹಾರನ್ನಿಗೆ ಮೊದಲು.

ಕಂಪ್ಯೂಟರಿನ ಧೂಳನ್ನು ದಿನವೂ ಒರೆಸುತ್ತಾರೆ. ಆಯುಧಪೂಜೆಯಲ್ಲಿ ಅದಕ್ಕೂ ಶ್ರೀ ಸ್ವಾಪ್ ಅವರಿಗೂ ಬೇರೆ ಬೇರೆ ಕುಂಬಳಕಾಯಿ ಒಡೆದರು. ಡಿಸ್ಕು ಇನ್ನೂ ಅರವತ್ತಮೂರನೆಯ ಪಾತಿಯಿಂದಲೇ ಶುರುವಾಗುತ್ತದೆ. ಅರ್ಜಿಗಳ ವಿಚಾರಣೆ ಮುಂದುವರಿದಿದೆ.

ವಾರ್ಷಿಕ ಸಭೆಯಲ್ಲಿ ಚಲುವಮ್ಮನ ಸದಸ್ಯತ್ವ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಸಂಘದ ಪ್ರಥಮ ಒತ್ತುವರಿದಾರಳೆಂದು ಜವರಯ್ಯ ಅವಳಿಗೆ ಶಾಲು ಹೊದಿಸಿದ. ಭಾಷಣದ ಕಡೆಯಲ್ಲಿ ಒಂದು ಪ್ರಕಟಣೆಯನ್ನೂ ಓದಿದ: ‘ಖರಾಬನ್ನು ಒತ್ತುವರಿ ಮಾಡಿರುವ ಸದಸ್ಯರು ತಮ್ಮ ತಮ್ಮ ಒತ್ತುವರಿಯನ್ನು ಸಕ್ರಮಗೊಳಿಸಿಕೊಳ್ಳಲು ಅರ್ಜಿ ಸಲ್ಲಿಸಬಹುದು. ಒತ್ತುವರಿ ಮಾಡದ ಸದಸ್ಯರು, ಏಕೆ ಮಾಡಿಲ್ಲ ಎಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು.’ ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬಂದ ಚಲುವಮ್ಮ ಶಾಲನ್ನು ಮಡಿಸಿ ಹಗ್ಗದ ಮೇಲೆ ಹಾಕಿ, ಅರ್ಜಿಯ ಹಾಳೆಯನ್ನು ಶ್ವೇತಳ ಮುಂದೆ ಹಿಡಿದಳು.

“ತಕೊ, ಬರಿ. ಎಸರು, ಚಲುವಮ್ಮ.”

“ಕೋಂ?” ಎಂದಳು ಶ್ವೇತ, ಪೆನ್ನು ಎತ್ತಿ.

“ಕೋಂ ಗೀಂ ಏನೂ ಬ್ಯಾಡ. ಚಲುವಮ್ಮ, ಸದಸ್ಯೆ. ಆ ಜಾಗ ಖಾಲಿ ಬುಡು, ಖಾಲಿ ಬುಟ್ರೇ ಒಳ್ಳೇದು ಅಂತ ಪಾಂಡುಪುರದ ಉಡ್ಗನೇ ಏಳವ್ನೆ.”

“ಒತ್ತುವರಿಗೆ ಕಾರಣ ಅಂತ ಕೇಳವ್ರೆ ಅಜ್ಜಿ.”

“ಅದೇ ಕಣ್ ಮಗಾ, ಕಂಪ್ಯೂಟ್ರಿಗೆ ಬಂದಿತ್ತಲ್ಲ, ಅಲೈ... ಅಲಾಯ್ನು...” ಚಲುವಮ್ಮ ಸ್ವಲ್ಪ ಹೊತ್ತು ಎಳೆದು ನೋಡಿದಳು. ಕರು ಬರಲಿಲ್ಲ. “ಅದೇನೋ, ಪೂರ್ತಿ ಎಸರು ನೀನೇ ಬರ್ಕೊ. ಗೆರೆ ಮೇಲೆ ಬೀಳ್ದಂಗೆ ಬರಿ.”